ಪದಚರ್ಚೆ: ಮುಗಿಯದೆ ನಿಲ್ಲುವ ಕಂತಿಗೆ ‘ತೊಡರುಗಂತು’ ಎನ್ನಬಹುದೇ?

ಮಾನ್ಯರೇ,

ಕಾಸರಗೋಡು ಸಮೀಪದ ನಮ್ಮ ಊರಿನ ವಾಚನಾಲಯವು ಹೊರತರುವ ಕೈಬರಹದ ಪತ್ರಿಕೆಗಾಗಿ, ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಎಂಬ ಅಮೆರಿಕದ ವೈಜ್ಞಾನಿಕ ಧಾರಾವಾಹಿಯ ಒಂದು ಹೆಸರಾಂತ ಕಂತನ್ನೂ ಅದನ್ನು ಕಂಡ ಪ್ರೇಕ್ಷಕರ ಪ್ರತಿಕ್ರಿಯೆಯನ್ನೂ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಆ ಕಂತನ್ನು ಏನೆಂದು ಕರೆಯಬೇಕೆಂಬಲ್ಲಿ ಬರವಣಿಗೆ ನಿಂತಿದೆ.

ಸಂದರ್ಭ ಇದು. ಧಾರಾವಾಹಿಯ ಮೂರನೆಯ ಸರಣಿಯ ಕೊನೆಯ ಕಂತು ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ 1990ರ ಜೂನ್ ತಿಂಗಳಲ್ಲಿ ಪ್ರಸಾರವಾಯಿತು. ಅರ್ಧ ಜೀವ, ಅರ್ಧ ಯಂತ್ರವಾಗಿರುವ ಬೋರ್ಗ್ ಎಂಬ ಶತ್ರುಗಳು ನೌಕೆಯ ನಾಯಕ ಪಿಕಾರ್ಡನನ್ನು ಸೆರೆಹಿಡಿದು, ತಮ್ಮಂತೆಯೇ ಮಾರ್ಪಡಿಸಿ, ಲೊಕ್ಯೂಟಸ್ ಎಂಬ ಹೆಸರಿಟ್ಟು ತಮ್ಮ ವಕ್ತಾರನನ್ನಾಗಿ ಮಾಡಿಕೊಳ್ಳುತ್ತಾರೆ. ಅವನ ಕೈಕೆಳಗಿನ ಅಧಿಕಾರಿಯಾದ ರೈಕರ್, ನಾಯಕನು ಒಳಗಿದ್ದಾನೆಂದು ತಿಳಿದೂ ಆ ಶತ್ರುನೌಕೆಯ ಮೇಲೆ ಅಸ್ತ್ರ ಪ್ರಯೋಗಿಸುವಂತೆ ಆಜ್ಞೆ ಕೊಡುತ್ತಾನೆ; ಕಂತು ಅಲ್ಲಿಗೇ ನಿಲ್ಲುತ್ತದೆ. ಎರಡನೆಯ ಭಾಗ ಬಂದದ್ದು ಸೆಪ್ಟೆಂಬರಿನ ಕೊನೆಯ ವಾರದಲ್ಲಿ. ನಡುವಿನ ಬೇಸಗೆಯುದ್ದಕ್ಕೂ ಪಿಕಾರ್ಡ್ ಸಾಯುವನೇ, ರೈಕರನೇ ಇನ್ನು ನಾಯಕನೇ, ಪಿಕಾರ್ಡನ ಪಾತ್ರಧಾರಿ ಪ್ಯಾಟ್ರಿಕ್ ಸ್ಟೀವರ್ಟ್ ಧಾರಾವಾಹಿಯನ್ನು ಬಿಡುತ್ತಿರುವರೇ ಎಂದು ಪ್ರೇಕ್ಷಕರು ವಾದಿಸುತ್ತಲೇ ಇದ್ದರು. ಮೊದಲ ಭಾಗವನ್ನು ಬರೆಯುವಾಗ ಕಥೆಯನ್ನು ಹೇಗೆ ಬಿಡಿಸುವುದೆಂದು ಲೇಖಕ ಮೈಕೆಲ್ ಪಿಲ್ಲರ್ ಅವರಿಗೂ ಗೊತ್ತಿರಲಿಲ್ಲವಂತೆ. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಹೀಗೆ ಕಥೆಯನ್ನು ಕುತೂಹಲದ ತುದಿಯಲ್ಲಿ ಬಿಟ್ಟು ನಿಲ್ಲುವ, ಇಂಗ್ಲಿಷಿನಲ್ಲಿ ‘ಕ್ಲಿಫ್‌ಹ್ಯಾಂಗರ್’ ಎನ್ನುವ ಕಂತಿಗೆ ಕನ್ನಡದಲ್ಲಿ ಮೊದಲು ಹೊಳೆಯುವ ಪದ ‘ಪರಾಕಾಷ್ಠೆ’. ಆದರೆ ‘ಕಾಷ್ಠಾ’ ಎಂದರೆ ಎಲ್ಲೆ, ಕೊನೆ. ಕಠೋಪನಿಷತ್ತಿನಲ್ಲಿ ಪುರುಷನಿಂದಾಚೆಗೆ ಏನೂ ಇಲ್ಲವೆಂದು ಹೇಳಿ, ‘ಸಾ ಕಾಷ್ಠಾ ಸಾ ಪರಾ ಗತಿಃ’ ಎಂದು ಮುಗಿಸುತ್ತಾರೆ. ಆಚೆಗೆ ಏನೂ ಇಲ್ಲದಿರುವುದನ್ನು ಹೇಳುವ ಪದವನ್ನು, ಆಚೆಗೆ ಏನಿದೆಯೆಂದು ಜನ ಮೂರು ತಿಂಗಳು ಚಡಪಡಿಸಿದ ಕಂತಿಗೆ ಹಚ್ಚುವುದು ಸರಿಯೆನಿಸುವುದಿಲ್ಲ. ‘ಕ್ಲೈಮ್ಯಾಕ್ಸ್’ ಎಂದು ಬರೆದರೂ ತೊಡಕು ತಪ್ಪುವುದಿಲ್ಲ. ಮೂಲ ಗ್ರೀಕಿನಲ್ಲಿ ಏಣಿಯೆಂಬ ಅರ್ಥವಿದ್ದ ಆ ಪದ ನಮ್ಮ ಸಿನಿಮಾ ಮಾತಿನಲ್ಲಿ ಕೊನೆಯ ಹೊಡೆದಾಟದ ಭಾಗಕ್ಕೆ ಅಂಟಿಕೊಂಡಿರುವುದರಿಂದ, ‘ಕ್ಲೈಮ್ಯಾಕ್ಸ್ ಕಂತು’ ಎಂದು ಓದಿದವರು ಕಥೆಯೇ ಮುಗಿಯಿತೆಂದು ತಿಳಿದಾರು. ಪತ್ರಿಕೆಗಳ ‘ರೋಚಕ ತಿರುವು’ ಸವೆದುಹೋದ ನಾಣ್ಯ. ಅದನ್ನು ನಾನು ಪರಿಗಣಿಸಿಲ್ಲ.

ಪದವಿಲ್ಲದಿರುವುದಕ್ಕೆ ಕಾರಣವೂ ಇದ್ದೀತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ನೋಡುತ್ತಲೂ ಕೇಳುತ್ತಲೂ ಬಂದ ಈ ನೆಲದ ಪ್ರೇಕ್ಷಕನಿಗೆ ವಾಲಿ ಬೀಳುತ್ತಾನೆಂಬುದು ಮೊದಲೇ ಗೊತ್ತು. ಬೀಳುವ ಮುನ್ನ ಅವನು ರಾಮನನ್ನು ಏನೇನು ಕೇಳುತ್ತಾನೆ, ರಾಮನ ಅರ್ಥಧಾರಿ, ಎಂದರೆ ರಾಮನಾಗಿ ಮಾತನಾಡುವವನು, ಅದಕ್ಕೆ ಹೇಗೆ ಉತ್ತರಿಸುತ್ತಾನೆ ಎಂಬುದರಲ್ಲಿಯೇ ಪ್ರೇಕ್ಷಕನ ಆಸಕ್ತಿ. ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಿಂದಲೇ ನಡೆಯುವ ತಾಳಮದ್ದಳೆಯಲ್ಲಿ ‘ಎತ್ತುಗಡೆ’ ಎಂಬ ಮಾತುಂಟು. ಅರ್ಥಧಾರಿಯು ಮಾತನ್ನು ಏರಿಸುತ್ತ ತಂದು, ಹಾಡುವ ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಳ್ಳುವಂತೆ ನಿಲ್ಲಿಸುವುದನ್ನು ಅದು ಸೂಚಿಸುತ್ತದೆ. ಇದೇ ಪದವನ್ನು ಬಳಸೋಣವೆಂಬ ಆಸೆ ನನಗೂ ಆಗಿತ್ತು. ಆದರೆ ಅಲ್ಲಿ ಪದ್ಯ ತಕ್ಷಣ ಬರುತ್ತದೆ. ಕಾಯಿಸುವುದು ಎತ್ತುಗಡೆಯ ಕೆಲಸವಲ್ಲ.

ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳು ಕಾಯುವುದನ್ನು ನಮಗೆ ಕಲಿಸಿದವು, ಜೊತೆಗೆ ‘ಸಶೇಷ’, ‘ಮುಂದುವರಿಯುವುದು’ ಎಂಬ ಎರಡು ಪದಗಳನ್ನೂ ಕೊಟ್ಟವು. ಅವು ಕಥೆಯ ಬಗ್ಗೆ ಹೇಳುತ್ತವೆಯೇ ಹೊರತು ಓದುಗನ ಅವಸ್ಥೆಯನ್ನು ಹೇಳುವುದಿಲ್ಲ. ಓದುಗನ ಅವಸ್ಥೆಗೆ ‘ತುದಿಗಾಲಲ್ಲಿ ನಿಲ್ಲುವುದು’ ಎಂಬ ಒಳ್ಳೆಯ ನುಡಿಗಟ್ಟಿದೆ. ಅದರಲ್ಲಿ ಸಂತೋಷದ ನಿರೀಕ್ಷೆಯೇ ಹೆಚ್ಚು. ನಾಯಕನ ಮೇಲೆ ಅಸ್ತ್ರ ಹಾರಿಸುವುದನ್ನು ಯಾರೂ ತುದಿಗಾಲಲ್ಲಿ ನಿಂತು ನಿರೀಕ್ಷಿಸುವುದಿಲ್ಲ.

ಇಲ್ಲಿ ನಮ್ಮ ಗಡಿಯ ಒಂದು ಅನುಕೂಲವನ್ನು ಬಳಸಿಕೊಳ್ಳಬಯಸುತ್ತೇನೆ. ಮಲಯಾಳ ವಾರಪತ್ರಿಕೆಗಳಲ್ಲಿ ಕಂತಿನ ಕೊನೆಗೆ ‘ತುಡರುಂ’ ಎಂದು ಅಚ್ಚಾಗಿರುವುದನ್ನು ಕಾಸರಗೋಡಿನ ಕನ್ನಡಿಗರು ಕಾಣುತ್ತಲೇ ಇರುತ್ತಾರೆ. ತಮಿಳರು ಧಾರಾವಾಹಿಯನ್ನೇ ‘ತೊಡರ್’ ಎನ್ನುತ್ತಾರೆ. ಇವುಗಳ ಬೇರಿಗೇ ಸೇರಿದ ನಮ್ಮ ‘ತೊಡರು’ ಮಾತ್ರ ಬೇರೆ ದಾರಿ ಹಿಡಿದು, ಕಾಲಿಗೆ ಬಳ್ಳಿ ತೊಡರಿತು ಎಂಬಲ್ಲಿರುವಂತೆ ಸಿಕ್ಕಿಕೊಳ್ಳುವುದು, ಎಡವುವುದು ಎಂಬ ಅರ್ಥದಲ್ಲಿ ಉಳಿದಿದೆ. ಒಂದರಲ್ಲಿ ಕಥೆ ಮುಂದುವರಿಯುತ್ತದೆ, ಇನ್ನೊಂದರಲ್ಲಿ ಪ್ರೇಕ್ಷಕ ಸಿಕ್ಕಿಕೊಳ್ಳುತ್ತಾನೆ. ನನಗೆ ಬೇಕಾದ ಎರಡೂ ಅರ್ಥಗಳು ಒಂದೇ ಬೇರಿನಲ್ಲಿ ದೊರೆಯುವುದರಿಂದ ‘ತೊಡರುಗಂತು’ ಎಂದು ರೂಪಿಸಿಕೊಂಡಿದ್ದೇನೆ. ಮಲಯಾಳವನ್ನು ಅರಿಯದ ಧಾರವಾಡದ ಅಥವಾ ಮೈಸೂರಿನ ಓದುಗರಿಗೆ ಇದರಲ್ಲಿ ಮುಂದುವರಿಕೆಯ ಧ್ವನಿ ಕೇಳಿಸದೆ, ಬರಿಯ ತೊಡಕಿನ, ಎಂದರೆ ಕೆಟ್ಟದಾಗಿ ಹೆಣೆದ ಕಂತೆಂಬ ಅರ್ಥವೇ ಹೊಳೆದೀತೆಂಬ ಶಂಕೆ ಇದೆ.

ಎರಡನೆಯ ಪ್ರಶ್ನೆ ಚಿಕ್ಕದು. ಸೆಪ್ಟೆಂಬರಿನ ಭಾಗದಲ್ಲಿ ಪಿಕಾರ್ಡನನ್ನು ಬಿಡಿಸಿ ತರುತ್ತಾರೆ, ಅವನ ಮೂಲಕ ಬೋರ್ಗ್ ಪಡೆಗೆ ನಿದ್ರಿಸುವ ಆದೇಶವನ್ನು ಕಳಿಸುತ್ತಾರೆ, ಶತ್ರುನೌಕೆ ತನ್ನಷ್ಟಕ್ಕೆ ಸಿಡಿದುಹೋಗುತ್ತದೆ. ಈ ಉಪಾಯವನ್ನು ಮೆಚ್ಚಿದವರಿರುವಂತೆ, ಅಷ್ಟು ಕಾಯಿಸಿ ಇಷ್ಟೇ ಕೊಟ್ಟರೇ ಎಂದವರೂ ಇದ್ದಾರೆ. ಈ ನಿರಾಸೆಗೆ ನಾವು ಕರಾವಳಿಯವರು ‘ಚಪ್ಪೆಯಾಯಿತು’ ಎನ್ನುತ್ತೇವೆ. ಕರಡು ಓದಿದ ಹಿರಿಯರೊಬ್ಬರು ಅದನ್ನು ‘ಸಪ್ಪೆ’ ಎಂದು ತಿದ್ದಿಕೊಟ್ಟರು. ತಿದ್ದುಪಡಿ ಅನಗತ್ಯವೆಂದು ನನ್ನ ಅಭಿಪ್ರಾಯ: ‘ಸಪ್ಪೆ ಮೋರೆ’ಯಿಂದಾಗಿ ಆ ರೂಪಕ್ಕೆ ಮಂಕುತನದ ಛಾಯೆ ಬಂದಿದೆ, ‘ಚಪ್ಪೆ’ಯಲ್ಲಿ ಉಪ್ಪು ಖಾರ ಸಾಲದೆಂಬ ದೂರು ಇನ್ನೂ ನೇರವಾಗಿಯೇ ಇದೆ.

ಬಲ್ಲವರಲ್ಲಿ ಕೇಳಿಕೊಳ್ಳುವುದು ಇಷ್ಟು. ‘ತೊಡರು’ ಪದಕ್ಕೆ ಮುಂದುವರಿ, ಸಾಲಾಗಿ ಬರು ಎಂಬ ಅರ್ಥದ ಪ್ರಯೋಗ ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಎಲ್ಲಿಯಾದರೂ ಕಂಡಿದ್ದರೆ ಪದ್ಯಸಹಿತ ತಿಳಿಸಬೇಕು. ‘ಚಪ್ಪೆ’ ಎಂಬ ರೂಪವು ಘಟ್ಟದ ಮೇಲೆ ಯಾವ ಊರುಗಳವರೆಗೆ ಬಳಕೆಯಲ್ಲಿದೆ ಎಂಬುದನ್ನೂ ಅಲ್ಲಿಯವರು ತಿಳಿಸಿದರೆ ಉಪಕಾರವಾಗುತ್ತದೆ.