ಇಂಟೆಗ್ರಿಟಿಗೆ 'ನಿಯತ್ತು' ಅಂದರೆ ಸರಿಯೇ? ವಿಷಲ್‌ಬ್ಲೋವರ್‌ಗೆ ಏನನ್ನೋಣ?

ಗೆಳೆಯರೇ,

ಒಂದು ದೊಡ್ಡ ಔಷಧ ಕಂಪನಿಯ ನಡತೆ ನಿಯಮಗಳ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದನ್ನು ಓದುವವರು ಮಾತ್ರೆ ತಯಾರಾಗುವಲ್ಲಿ ಶಿಫ್ಟ್ ಕೆಲಸ ಮಾಡುವವರು. ಎರಡು ಪದಗಳು ನನ್ನನ್ನು ವಾರದಿಂದ ಕಾಡುತ್ತಿವೆ. ಇಂಟೆಗ್ರಿಟಿ ಒಂದು, ಅಂದರೆ ಯಾರೂ ನೋಡದಿದ್ದರೂ ಸರಿಯಾಗಿ ನಡೆದುಕೊಳ್ಳುವ ಗುಣ. ವಿಷಲ್‌ಬ್ಲೋವರ್ ಇನ್ನೊಂದು, ಅಂದರೆ ತಾವು ಕೆಲಸ ಮಾಡುವ ಕಡೆ ನಡೆಯುವ ತಪ್ಪನ್ನು ಕಂಡು ಹೇಳುವವರು. ಮೊದಲು ಬೇರೆ ಬೇರೆ ಪ್ರಶ್ನೆ ಅಂದುಕೊಂಡಿದ್ದೆ. ಈಗ ನೋಡಿದರೆ ಎರಡೂ ಒಂದೇ ಗಂಟು.

ಇಂಟೆಗ್ರಿಟಿಗೆ 'ಪ್ರಾಮಾಣಿಕತೆ' ಇದೆ, ನಿಜ. ಆದರೆ ಆ ಮಾತು ಕೇಳಿದ ಕೂಡಲೇ ನಮಗೆ ದುಡ್ಡು ನೆನಪಾಗುತ್ತದೆ, ಲಂಚ ಮುಟ್ಟದವರು ನೆನಪಾಗುತ್ತಾರೆ. ಕಾರ್ಖಾನೆಯಲ್ಲಿ ಅಷ್ಟು ಸಾಲದು. ತೂಕ ಮಾಡಿದ ಹೊತ್ತಿಗೇ ಬ್ಯಾಚ್ ರೆಕಾರ್ಡ್‌ನಲ್ಲಿ, ಅಂದರೆ ಆ ಕಂತಿನ ಮಾತ್ರೆ ತಯಾರಿಕೆಯ ದಾಖಲೆಯಲ್ಲಿ, ಬರೆಯಬೇಕು. ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಇದಕ್ಕೆ ಅವರು ಡೇಟಾ ಇಂಟೆಗ್ರಿಟಿ ಅನ್ನುತ್ತಾರೆ. 'ದತ್ತಾಂಶ ಸಮಗ್ರತೆ' ಅಂತ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಎಲ್ಲ ಕಾಲಂ ತುಂಬಿದರೆ ಆಯಿತು ಅಂತ ತಿಳಿಯುತ್ತಾರೆ. ಸದ್ಯಕ್ಕೆ 'ದಾಖಲೆ ಸಾಚಾ ಇರಬೇಕು' ಅಂತ ಬರೆದಿದ್ದೇನೆ. ಸಾಚಾ ಎಲ್ಲರ ಬಾಯಲ್ಲೂ ಇರುವ ಮಾತು, ಅಲ್ವಾ?

ಮನುಷ್ಯರ ಗುಣಕ್ಕೆ ಬಂದಾಗ 'ನಿಯತ್ತು' ತುಂಬಾ ಹಿಡಿಸಿತು. ಅರಬ್ಬಿಯಲ್ಲಿ ಅದಕ್ಕೆ ಮನಸ್ಸಿನ ಉದ್ದೇಶ ಅಂತ ಅರ್ಥ. ನಮ್ಮಲ್ಲಿಗೆ ಬಂದ ಮೇಲೆ ಅರ್ಥ ಸ್ವಲ್ಪ ವಾಲಿದೆ. ನಿಯತ್ತಿನ ನಾಯಿ, ನಿಯತ್ತಿನ ಆಳು ಅನ್ನುತ್ತೇವೆ. ಅಂದರೆ ಅನ್ನ ಹಾಕಿದವರಿಗೆ ತೋರುವ ನಿಷ್ಠೆ. ನನ್ನ ತೊಡಕು ಇಲ್ಲೇ ಇದೆ. ಪುಸ್ತಿಕೆ ಕೇಳುತ್ತಿರುವುದು ಕಂಪನಿಗೆ ನಿಷ್ಠೆಯನ್ನಲ್ಲ. ಆ ಮಾತ್ರೆ ನುಂಗುವ, ಮುಖವನ್ನೇ ನೋಡಿರದ ರೋಗಿಗೆ ನಿಷ್ಠೆ. ನಿಯತ್ತು ಅಂತ ಬರೆದರೆ, ಮೇಲಿನವರ ತಪ್ಪನ್ನು ಮುಚ್ಚಿಡುವುದೂ ನಿಯತ್ತೇ ಆಗಿಬಿಡುತ್ತದೆ. 'ಉಂಡ ಮನೆ ಜಂತೆ ಎಣಿಸಬಾರದು' ಅನ್ನುವ ಗಾದೆ ಕೇಳಿ ಬೆಳೆದವರು ನಾವು.

ಇದು ಸುಮ್ನೆ ಪದದ ಜಗಳವಲ್ಲ. ರ‍್ಯಾನ್‌ಬ್ಯಾಕ್ಸಿಯ ಕಥೆ ನಿಮಗೆ ಗೊತ್ತಿರಬಹುದು. ಅದು ಭಾರತದ ದೊಡ್ಡ ಔಷಧ ಕಂಪನಿಯಾಗಿತ್ತು. ದಿನೇಶ್ ಠಾಕೂರ್ ಅಲ್ಲಿ ಕೆಲಸದಲ್ಲಿದ್ದರು. ಪರೀಕ್ಷೆಯ ಅಂಕಿಗಳನ್ನು ಕಟ್ಟಿ ಬರೆದಿರುವುದು ಅವರಿಗೆ ಗೊತ್ತಾಯಿತು. 2005ರಲ್ಲಿ ಕೆಲಸ ಬಿಟ್ಟರು, ಹೆಸರು ಮುಚ್ಚಿಟ್ಟು ಅಮೆರಿಕದಲ್ಲಿ ಔಷಧಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಎಫ್‌ಡಿಎಗೆ ಬರೆದರು. 2013ರಲ್ಲಿ ಕಂಪನಿಯ ಅಮೆರಿಕದ ಅಂಗಸಂಸ್ಥೆ ತಪ್ಪೊಪ್ಪಿಕೊಂಡಿತು, 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ನಡುವೆ ಎಂಟು ವರ್ಷ! ಅವರು ಮಾಡಿದ ಕೆಲಸವನ್ನು ಒಂದೇ ಪದದಲ್ಲಿ ಹೇಳಿ ಅಂದರೆ ನನಗೆ ಕನ್ನಡದಲ್ಲಿ ಸಿಗುವುದೆಲ್ಲ ಬೈಗುಳವೇ. ಚಾಡಿ ಹೇಳುವುದು, ಕಿವಿ ಕಚ್ಚುವುದು, ಫಿತೂರಿ, ಉಂಡ ಮನೆಗೆ ದ್ರೋಹ. 'ಮಾಹಿತಿದಾರ' ಅಂದರೆ ಪೊಲೀಸರ ಜೊತೆ ಇರುವವನು. 'ಸೀಟಿ ಊದುವವರು' ಅಂದರೆ ಬಸ್ಸಿನ ಕಂಡಕ್ಟರ್ ಕಣ್ಣ ಮುಂದೆ ಬರುತ್ತಾರೆ.

ಇಂಗ್ಲಿಷಿನವರಿಗೂ ಇದೇ ಕಷ್ಟ ಇತ್ತು. ಅವರಲ್ಲೂ ಇದ್ದದ್ದು ಚಾಡಿಕೋರ ಅನ್ನುವಂಥ ಪದಗಳೇ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಮತ್ತು ಜೊತೆಯವರು ವಿಷಲ್‌ಬ್ಲೋವರ್ ಅನ್ನುವುದನ್ನು ಒಳ್ಳೆಯ ಅರ್ಥದಲ್ಲಿ ಬಳಕೆಗೆ ತಂದರು. ಅವರಿಗೆ ಸಾಧ್ಯವಾದದ್ದು ನಮಗೂ ಸಾಧ್ಯ ಅಂತ ನಂಬಿದ್ದೇನೆ.

ನಮ್ಮ 2013ರ ಕಂಪನಿ ಕಾಯ್ದೆಯಲ್ಲಿ, ತಪ್ಪು ಕಂಡವರು ಅದನ್ನು ಹೇಳಲು ಇರುವ ವ್ಯವಸ್ಥೆಗೆ 'ವಿಜಿಲ್ ಮೆಕ್ಯಾನಿಸಂ' ಅಂತ ಹೆಸರಿದೆ. ಷೇರುಪೇಟೆಯಲ್ಲಿರುವ ಕಂಪನಿಗಳೆಲ್ಲ ಅದನ್ನು ಇಟ್ಟಿರಲೇಬೇಕು. ವಿಜಿಲ್ ಅಂದರೆ ಎಚ್ಚರವಾಗಿರುವುದು. ಹಾಗಾದರೆ 'ಎಚ್ಚರಿಕೆ ಕೊಡುವವರು' ಅನ್ನೋಣ ಅಂತ ಬರೆದೆ. ಓದಿ ನೋಡಿದ ಗೆಳತಿಯೊಬ್ಬಳು ತಕ್ಷಣ ಬೇಡ ಅಂದಳು. ಕಾರ್ಖಾನೆಯಲ್ಲಿ ಎಚ್ಚರಿಕೆ ಪತ್ರ ಅಂದರೆ ಮ್ಯಾನೇಜ್‌ಮೆಂಟ್ ಕಾರ್ಮಿಕರಿಗೆ ಕೊಡುವ ನೋಟಿಸು! ಅವಳು ಹೇಳಿದ್ದು ಸರಿ. 'ದನಿ ಎತ್ತುವವರು' ಅಂದರೆ ಮುಷ್ಕರದ ನೆನಪು ಬರುತ್ತದೆ. 'ಬಾಯಿ ಬಿಡುವವರು' ಅಂದರೆ ಅವರೇ ತಪ್ಪು ಮಾಡಿ ಒಪ್ಪಿಕೊಂಡಂತೆ.

ಯಾರಿಗೆ ನಿಷ್ಠೆ ಅನ್ನುವುದನ್ನು ಬಿಡಿಸಿ ಬರೆದ ಉದಾಹರಣೆಯೂ ಇದೆ. ಜಾನ್ಸನ್ ಅಂಡ್ ಜಾನ್ಸನ್‌ನ 1943ರ ಕ್ರೀಡೋದಲ್ಲಿ, ಅಂದರೆ ಕಂಪನಿ ತನ್ನ ಹೊಣೆಗಳನ್ನು ಬರೆದಿಟ್ಟ ಹೇಳಿಕೆಯಲ್ಲಿ, ಮೊದಲು ವೈದ್ಯರು, ದಾದಿಯರು, ರೋಗಿಗಳು ಬರುತ್ತಾರೆ. ಷೇರುದಾರರು ಕೊನೆಗೆ. 1982ರಲ್ಲಿ ಶಿಕಾಗೋ ಸುತ್ತ ಯಾರೋ ಅದರ ನೋವಿನ ಔಷಧಿ ಟೈಲೆನಾಲ್‌ಗೆ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಕಂಪನಿ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ವಾಪಸ್ ತರಿಸಿತು. ಮುಂದೆ ಅದರ ಮೇಲೂ ಟಾಲ್ಕ್ ಪೌಡರಿನ ದೊಡ್ಡ ಕೇಸುಗಳು ಬಂದವು. ಹಾಗಾಗಿ ಕಂಪನಿಯನ್ನು ಹೊಗಳುತ್ತಿಲ್ಲ. ಆ ಸಾಲುಗಳ ಕ್ರಮ ಮಾತ್ರ ನನಗೆ ಬೇಕು. 'ನಿಯತ್ತು' ಬಳಸುವುದಾದರೆ 'ರೋಗಿಗೆ ನಿಯತ್ತು' ಅಂತ ಜೋಡಿಸಿಯೇ ಬರೆದರೆ ಹೇಗೆ? ಕಿವಿಗೆ ಒಪ್ಪುತ್ತದೆಯೇ?

ಎರಡನೆಯದಕ್ಕೆ ಒಂದು ಯೋಚನೆ ಇದೆ. ಹೊಲದ ಅಟ್ಟಣೆ ಮೇಲೆ ರಾತ್ರಿಯಿಡೀ ಕೂತು, ಹಂದಿ ಬಂದರೆ ಅಕ್ಕಪಕ್ಕದ ಹೊಲದವರಿಗೂ ಕೇಳುವಂತೆ ಕೂಗುವವರು ಇರುತ್ತಾರಲ್ಲ. ಅವರನ್ನು ಯಾರೂ ಚಾಡಿಕೋರ ಅನ್ನುವುದಿಲ್ಲ. ನಿಮ್ಮ ಕಡೆ ಅವರಿಗೆ, ಅಥವಾ ಆ ಕೂಗಿಗೆ, ಬೇರೆ ಹೆಸರಿದೆಯೇ? ಬಯಲುಸೀಮೆ, ಮಲೆನಾಡು, ಕರಾವಳಿ, ಎಲ್ಲಿಯದಾದರೂ ಸರಿ, ಬರೆದು ತಿಳಿಸಿ. ಅಲ್ಲಿಯವರೆಗೆ ಕರಡಿನಲ್ಲಿ ಪದ ಬಿಟ್ಟು ಒಂದು ಸಾಲು ಹಾಕಿಟ್ಟಿದ್ದೇನೆ: 'ಕಣ್ಣಿಗೆ ಬಿದ್ದ ತಪ್ಪನ್ನು ಹೇಳಿ. ಅದು ಚಾಡಿಯಲ್ಲ.'