ಹೇಮಾವತಿ ನೀರು ಪಶ್ಚಿಮಕ್ಕೆ ಹರೀತಿದೆ! ಷಟ್ಕೋನ ಗ್ರಿಡ್‌ನಲ್ಲಿ ಎಲ್ಲಿ ತಪ್ಪಾಗ್ತಿದೆ?

ಹಳ್ಳದದಂಡೆ: ಮೂರು ರಾತ್ರಿ ನಿದ್ದೆಗೆಟ್ಟಿದ್ದೀನಿ. ಹೇಮಾವತಿಯ ಹರಿವಿನ ದಿಕ್ಕನ್ನ ಎಚ್3 (ಭೂಮಿಯನ್ನೆಲ್ಲ ಷಟ್ಕೋನ ಕೋಶಗಳಾಗಿ ಹಂಚೋ ಗ್ರಿಡ್) ಷಟ್ಕೋನಗಳಿಗೆ, ಮಟ್ಟ 8ಕ್ಕೆ (ಮಟ್ಟ ಏರಿದಷ್ಟೂ ಕೋಶ ಸಣ್ಣದು) ತಂದೆ. ಗೊರೂರು ಅಣೆಕಟ್ಟಿನ ಹತ್ರ ಜಲಾನಯನ 2,810 ಚದರ ಕಿ.ಮೀ. ಬರ್ಬೇಕು, ಬರ್ತಿರೋದು 400ಕ್ಕೂ ಕಮ್ಮಿ. ಸಕಲೇಶಪುರದ ಸುತ್ತಲ ನೀರೆಲ್ಲ ಘಟ್ಟ ಇಳಿದು ನೇತ್ರಾವತಿ ಸೇರ್ತಿದೆ. ಡೇಟಾ ಸರಿಯಾಗೇ ಇದೆ. ಮಳೆಗಾಲದೊಳಗೆ ಮಾಡೆಲ್ ಓಡಿಸ್ಲೇಬೇಕು, ಯಾರಾದ್ರೂ ದಾರಿ ಹೇಳಿ.

ಜಾಲರಿಪ್ರಿಯ: ಪಂಚಕೋನದ ಕಾಟ. ಎಚ್3ಯ ಪ್ರತಿ ಮಟ್ಟದಲ್ಲೂ 12 ಪಂಚಕೋನ ಇರ್ತವೆ, ಅವಕ್ಕೆ ಅಕ್ಕಪಕ್ಕದ ಕೋಶ ಐದೇ. ಕೋಡ್ ಆರು ಅಂದ್ಕೊಂಡು ಎಡವುತ್ತೆ.

ಕಾಫಿಕಣಿವೆ: ಆ ಹನ್ನೆರಡೂ ಸಮುದ್ರದಲ್ಲಿ ಬೀಳೋ ಹಾಗೆ ಕೂರಿಸಿದ್ದಾರೆ ಸರ್, ಸಕಲೇಶಪುರಕ್ಕೆ ಎಲ್ಲಿಂದ ಬರುತ್ತೆ? ಇದು ಮರದ ಎತ್ತರದ ಕಾಟ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶದಿಂದ ರೇಡಾರ್‌ನಲ್ಲಿ ಅಳೆದ ಎತ್ತರದ ಡೇಟಾ ಎಸ್‌ಆರ್‌ಟಿಎಂ ಕಾಫಿ ತೋಟದ ನೆಲ ನೋಡಲ್ಲ, ಸಿಲ್ವರ್ ಓಕ್ ತುದಿ ನೋಡುತ್ತೆ.

ಜಾಲರಿಪ್ರಿಯ: ಆದ್ರೂ ಒಂದ್ಸಲ ಪರೀಕ್ಷೆ ಮಾಡಿ. ಎಚ್3 ಕೋಶಗಳು ಸಮ ವಿಸ್ತೀರ್ಣದವೂ ಅಲ್ಲ. ನನ್ನ 128 ಜಿಬಿ ರ‍್ಯಾಮ್ ಮಷಿನ್‌ನಲ್ಲಿ ಇಡೀ ಕೃಷ್ಣಾ ಕೊಳ್ಳವನ್ನ ಮಟ್ಟ 9ರಲ್ಲಿ ಓಡಿಸಿದ್ದೀನಿ, ಫ್ಯಾನ್ ಸದ್ದೇ ಬರಲ್ಲ.

ಹಳ್ಳದದಂಡೆ: ನಾನು ಬಳಸಿರೋದು ಮೆರಿಟ್ ಹೈಡ್ರೋ ಅನ್ನೋ ಹರಿವಿನ ದಿಕ್ಕಿನ ಡೇಟಾ. ಅದರಲ್ಲಿ ಮರದ ಎತ್ತರ ಕಳೆದೇ ಇದೆ.

ಕಾಫಿಕಣಿವೆ: ಇದನ್ನ ಮೊದಲೇ ಹೇಳ್ಬೇಕಿತ್ತು! ಆದ್ರೂ ದಟ್ಟ ಶೋಲಾ ಕಾಡು ಇರೋ ಕಡೆ ಪೂರ್ತಿ ಕಳೆದಿದೆ ಅಂತ ನಾನು ನಂಬಲ್ಲ.

ತೂಬುಕಾವಲು: ಸ್ವಲ್ಪ ತಡೀರಿ ಇಬ್ರೂ. ಹಳ್ಳದದಂಡೆಯವರೇ, ಮೆರಿಟ್‌ನ 90 ಮೀಟರ್ ಚೌಕದಿಂದ ಷಟ್ಕೋನಕ್ಕೆ ದಿಕ್ಕನ್ನ ಹೇಗೆ ತಂದ್ರಿ?

ಹಳ್ಳದದಂಡೆ: ಜೋನಲ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಒಂದೊಂದು ಷಟ್ಕೋನದೊಳಗಿನ ಚೌಕಗಳ ದಿಕ್ಕಿನ ಅಂಕಿಗಳ ಸರಾಸರಿ ತೆಗೆದು, ಹತ್ತಿರದ ದಿಕ್ಕಿನ ಅಂಕಿಗೆ ಕೂರಿಸಿದೆ. ಎಲ್ರೂ ಹಾಗೇ ಅಲ್ವಾ ಮಾಡೋದು?

ತೂಬುಕಾವಲು: ತಪ್ಪು ಅಲ್ಲೇ ಇದೆ. ಡಿ8 ಅಂಕಿಗಳು (ಚೌಕದ ನೀರು ಎಂಟು ದಿಕ್ಕಲ್ಲಿ ಯಾವ ಕಡೆ ಹರಿಯುತ್ತೆ ಅಂತ ಹೇಳೋ ಗುರುತು) ಅಳತೆ ಅಲ್ಲ, ದಿಕ್ಕಿನ ಹೆಸರು. ಪೂರ್ವ 1, ಪಶ್ಚಿಮ 16, ಈಶಾನ್ಯ 128. ಏಳು ಚೌಕ ಪೂರ್ವಕ್ಕೆ, ಒಂದು ಈಶಾನ್ಯಕ್ಕೆ ಹರಿದ್ರೆ ಮೊತ್ತ 135, ಸರಾಸರಿ 16.9. ಅದು 16ಕ್ಕೆ ಕೂತು ಪಶ್ಚಿಮ ಆಯ್ತು. ಒಂದು ಚೌಕವೂ ಪಶ್ಚಿಮಕ್ಕೆ ಹರೀತಿಲ್ಲ ನೋಡಿ!

ದಿಕ್ಕಿನ ಸರಾಸರಿ ಬಿಡಿ. ಮೆರಿಟ್‌ನಲ್ಲೇ ಅಪ್‌ಸ್ಟ್ರೀಮ್ ಏರಿಯಾ ಪದರ ಇದೆ, ಅಂದ್ರೆ ಪ್ರತಿ ಚೌಕಕ್ಕೆ ಮೇಲಿಂದ ಎಷ್ಟು ವಿಸ್ತೀರ್ಣದ ನೀರು ಬರುತ್ತೆ ಅನ್ನೋದು. ಒಂದು ಷಟ್ಕೋನದಲ್ಲಿ ಬರೋ ಸುಮಾರು 90 ಚೌಕಗಳ ಪೈಕಿ ಆ ವಿಸ್ತೀರ್ಣ ಅತಿ ಹೆಚ್ಚಿರೋ ಚೌಕವೇ ನೀರು ಹೊರಬೀಳೋ ಬಾಗಿಲು. ಅಲ್ಲಿಂದ ಡಿ8 ದಾರಿಯಲ್ಲೇ ಒಂದೊಂದು ಚೌಕ ಇಳೀರಿ, ಯಾವ ಷಟ್ಕೋನಕ್ಕೆ ಕಾಲಿಡ್ತೀರೋ ಅದೇ ಮುಂದಿನದು. ಹೆಜ್ಜೆ ಹೆಜ್ಜೆಗೂ ವಿಸ್ತೀರ್ಣ ಏರ್ತಾನೇ ಹೋಗೋದ್ರಿಂದ ನೀರು ಸುತ್ತು ಹೊಡೆಯಲ್ಲ.

ಹಳ್ಳದದಂಡೆ: ಬಂತು! ಗೊರೂರಲ್ಲಿ 2,760. ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ಉಳಿದಿದೆ: ಬಿಸಿಲೆ ದಿಣ್ಣೆ ಮೇಲಿನ ಷಟ್ಕೋನಗಳ ನೀರು ಒಂದಷ್ಟು ಹೇಮಾವತಿಗೆ, ಒಂದಷ್ಟು ಕುಮಾರಧಾರೆಗೆ ಹೋಗ್ಬೇಕು. ಈಗ ಪೂರ್ತಿ ಒಂದೇ ಕಡೆ ಬೀಳ್ತಿದೆ. ಅವನ್ನಷ್ಟೇ ಮಟ್ಟ 9ಕ್ಕೆ ಒಡೆಯಲಾ?

ತೂಬುಕಾವಲು: ಬೇಡ. ಎಚ್3ಯಲ್ಲಿ ಸಣ್ಣ ಷಟ್ಕೋನಗಳು ದೊಡ್ಡದರ ಅಂಚಿನೊಳಗೆ ಸರಿಯಾಗಿ ಕೂರಲ್ಲ, ಗಡಿ ಹೊಂದಲ್ಲ. ಆ ಕಡೆಗೆಷ್ಟು ಚೌಕ, ಈ ಕಡೆಗೆಷ್ಟು ಅಂತ ಎಣಿಸಿ ಅದೇ ಪಾಲಲ್ಲಿ ಮಳೆ ಹಂಚಿ. ದಿಣ್ಣೆ ಸಾಲಿನ ಷಟ್ಕೋನಗಳಿಗೆ ಮಾತ್ರ ಸಾಕು.