ಮನವಿಗೆ ಸಹಿ ಹಾಕುವ ಮುನ್ನ: ಕುಟುಂಬದ ವಾಟ್ಸಾಪ್ ಗುಂಪಿನಿಂದ

ದೊಡ್ಡಪ್ಪ: ಓಣಿಯವರು ಸೇರಿ ಸಿದ್ಧಪಡಿಸಿದ ಮನವಿಪತ್ರವನ್ನು ಕಳಿಸಿದ್ದೇನೆ, ಎಲ್ಲರೂ ಓದಿ. ‘ಕಾರವಾರದ ಎಲ್ಲ ಗಟಾರಗಳನ್ನು ಆಳ ಮಾಡಿ, ತಳಕ್ಕೂ ಗೋಡೆಗೂ ಕಾಂಕ್ರೀಟ್ ಹಾಕಿ, ಮೇಲೆ ಚಪ್ಪಡಿ ಮುಚ್ಚಬೇಕು. ಪೂರ್ತಿ ವೆಚ್ಚವನ್ನು ಸರಕಾರವೇ ಭರಿಸಬೇಕು. ಅಲ್ಲಿಯವರೆಗೆ ನಾವು ಆಸ್ತಿ ತೆರಿಗೆ ಕಟ್ಟುವುದಿಲ್ಲ.’ ಕಾರವಾರದಲ್ಲಿ ಮನೆಯಿರುವ ನಮ್ಮವರೆಲ್ಲ ಭಾನುವಾರದೊಳಗೆ ಹೆಸರು ಕೊಡಬೇಕು. ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಒಲೆಕಟ್ಟೆಯವರೆಗೆ ನೀರು ಬಂದದ್ದನ್ನು ನಿಮ್ಮ ದೊಡ್ಡಮ್ಮ ಇನ್ನೂ ಮರೆತಿಲ್ಲ.

ನಾನು: ದೊಡ್ಡಪ್ಪ, ಆ ರಾತ್ರಿ ಬಕೆಟ್ ಹಿಡಿದು ನೀರು ಹೊರಹಾಕಿದವರಲ್ಲಿ ನಾನೂ ಒಬ್ಬಳು. ಆದರೂ ಈ ಮನವಿಗೆ ಹೀಗೆಯೇ ಸಹಿ ಹಾಕಲು ನನ್ನಿಂದಾಗದು. ನೆನಪಿಸಿಕೊಳ್ಳಿ: ನೀರು ಏರಿದ್ದು ಮಳೆ ಹೊಡೆಯುತ್ತಿದ್ದಾಗ ಅಲ್ಲ, ಮಳೆಯ ಜೋರು ಇಳಿದು ಒಂದು ತಾಸು ಕಳೆದ ಮೇಲೆ, ಸಮುದ್ರದಲ್ಲಿ ಭರತ, ಅಂದರೆ ಉಬ್ಬರ, ಏರುತ್ತಿದ್ದ ಹೊತ್ತಿನಲ್ಲಿ. ಬಾಗಿಲಲ್ಲಿ ನಿಂತು ನೋಡಿದಾಗ ಗಟಾರದ ಮೇಲಿನ ತೆಂಗಿನ ಗರಿ ಸಮುದ್ರದ ಕಡೆಗೆ ಹೋಗದೆ ನಮ್ಮ ಕಡೆಗೇ ತೇಲಿ ಬರುತ್ತಿತ್ತು. ಅದು ಗಟಾರ ಸಣ್ಣದಾದುದರ ಲಕ್ಷಣವಲ್ಲ, ಗಟಾರ ಸಮುದ್ರ ಸೇರುವ ಬಾಯಿ ಮುಚ್ಚಿಹೋದುದರ ಲಕ್ಷಣ.

ದೊಡ್ಡಪ್ಪ: ಬಾಯಿ ಮುಚ್ಚಿದ್ದರೆ ಬಿಡಿಸುವುದು ಯಾರ ಕೆಲಸ, ಮಗಳೇ? ನಾವು ಕೇಳುತ್ತಿರುವುದೂ ಅದನ್ನೇ. ಗಟಾರ ಆಳವಾಗಿ, ಮೈ ನುಣುಪಾಗಿದ್ದರೆ ನೀರು ಬೇಗ ಸಾಗಿ ಹೋಗುವುದಿಲ್ಲವೇ?

ನಾನು: ಬೇಗ ಸಾಗುತ್ತದೆ, ಆದರೆ ಎಲ್ಲಿಗೆ? ನಮ್ಮ ಊರಿನ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಕಾಳಿ ನದಿ. ನಡುವಿನ ತಗ್ಗು ಪಟ್ಟಿಯಲ್ಲಿ ಪೇಟೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಗಟಾರದ ತಳಕ್ಕೆ ಸಾವಿರಕ್ಕೆ ಒಂದರ ಇಳಿಜಾರು ಕೊಟ್ಟರೆ ಒಂದು ಕಿಲೋಮೀಟರಿಗೆ ಸಿಗುವುದು ಬರೀ 1 ಮೀಟರ್ ಇಳಿತ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಮ್ಮ ಸಮುದ್ರ ಏರಿ ಇಳಿಯುವ ಅಂತರ ಒಂದೂವರೆ ಮೀಟರಿಗಿಂತ ಹೆಚ್ಚು. ಹೀಗಿರುವಾಗ ಇನ್ನಷ್ಟು ಆಳ ತೋಡಿದರೆ ಗಟಾರದ ತಳವು ಭರತದ ಮಟ್ಟಕ್ಕಿಂತ ಮತ್ತಷ್ಟು ಕೆಳಗೆ ಹೋಗುತ್ತದೆ. ನಾವು ನಮ್ಮ ಖರ್ಚಿನಲ್ಲೇ ಸಮುದ್ರವನ್ನು ಓಣಿಯೊಳಗೆ ಕರೆದುಕೊಂಡ ಹಾಗಾಗುತ್ತದೆ. ಇದರ ಮೇಲೆ, ಮಳೆಗಾಲದ ಅಲೆಗಳು ನಮ್ಮ ಗಟಾರಗಳು ಕೂಡುವ ಕೋಣೆನಾಲೆಯ ಬಾಯಿಗೆ ಮರಳಿನ ದಿಬ್ಬ ಕಟ್ಟುತ್ತವೆ. ಹನ್ನೆರಡು ವರ್ಷಗಳಿಂದ ಇಂತಹ ಕಾಮಗಾರಿಗಳ ಅಂದಾಜು ಪಟ್ಟಿ ಬರೆಯುತ್ತಿದ್ದೇನೆ. ಮೇಲಿನ ಓಣಿಯಿಂದ ಕಾಂಕ್ರೀಟ್ ಹಾಕುತ್ತ ಬಂದು, ಬಾಯಿಯ ಹತ್ತಿರ ಬರುವಷ್ಟರಲ್ಲಿ ಹಣ ಮುಗಿದ ಕೆಲಸವನ್ನು ನಾನೇ ಅಳೆದಿದ್ದೇನೆ. ಅದರ ಕೆಳಗಿನ ಮನೆಗಳಿಗೆ ನೀರು ಮೊದಲಿಗಿಂತ ಬೇಗ ಬಂದು ಮೊದಲಿಗಿಂತ ಹೆಚ್ಚು ನಿಂತಿತು. ಕೆಲಸವನ್ನು ಬಾಯಿಯಿಂದ ಆರಂಭಿಸಿ ಮೇಲಕ್ಕೆ ಬರಬೇಕು ಎಂಬುದಷ್ಟೇ ನನ್ನ ಹಟ.

ಕುಮಟಾ ಮಾವ: ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ, ಭಾವ. ಅಘನಾಶಿನಿ ನದಿಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ನಮ್ಮ ಹಿರಿಯರು ಉಪ್ಪು ತಾಳುವ ಕಗ್ಗ ಭತ್ತ ಬೆಳೆದದ್ದು ಹೇಗೆ? ಮಣ್ಣಿನ ಕಟ್ಟು, ಕಟ್ಟಿನಲ್ಲಿ ಜಂತ್ರಡಿ ಎಂಬ ಹಲಗೆಯ ಬಾಗಿಲು. ಭರತಕ್ಕೆ ಹಲಗೆ ಇಳಿಸಿದರೆ ಉಪ್ಪುನೀರು ತಡೆಯುತ್ತದೆ, ಇಳಿತಕ್ಕೆ ಎತ್ತಿದರೆ ಒಳಗಿನ ನೀರು ಹೊರಡುತ್ತದೆ. ಯಾವ ಹೊತ್ತಿಗೆ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕಿತ್ತು, ಅವನಿಗೆ ಊರವರು ಸೇರಿ ಕೊಡುತ್ತಿದ್ದರು. ಆ ಮನುಷ್ಯ ಇಲ್ಲವಾದ ಕಡೆ ಹಲಗೆ ಕೊಳೆತು ಕಟ್ಟೂ ಒಡೆಯಿತು.

ನಾನು: ಮಾವ ಹೇಳಿದ್ದು ಪೇಟೆಯ ನಾಲೆಗೂ ಸರಿಹೊಂದುತ್ತದೆ. ಹೊರಗಿನ ನೀರು ಒತ್ತಿದಾಗ ತಾನಾಗಿ ಮುಚ್ಚಿಕೊಂಡು, ಒಳಗಿನದು ಹೆಚ್ಚಾದಾಗ ತೆರೆದುಕೊಳ್ಳುವ ಕಬ್ಬಿಣದ ಬಾಗಿಲುಗಳೂ ಈಗ ಇವೆ. ಆದರೆ ಬಾಗಿಲು ಮುಚ್ಚಿದ ಕೆಲವು ತಾಸು ಗುಡ್ಡದಿಂದ ಇಳಿದ ಮಳೆನೀರು ಎಲ್ಲಿ ಕಾಯಬೇಕು? ಇದೇ ಕಷ್ಟದ ಪ್ರಶ್ನೆ. ಹಿಂದೆ ಅದು ಮನೆಗಳ ಹಿಂದಿನ ಗದ್ದೆಯಲ್ಲಿ ಕಾಯುತ್ತಿತ್ತು. ಈಗ ಆ ಗದ್ದೆಗಳಿಗೆ ಕೆಂಪು ಮಣ್ಣು ಬಿದ್ದಿದೆ. 1 ಎಕರೆ ತಗ್ಗಿನಲ್ಲಿ 1 ಮೀಟರ್ ನೀರು ನಿಂತರೆ 40 ಲಕ್ಷ ಲೀಟರ್ ಆಗುತ್ತದೆ. ಅಷ್ಟು ನೀರನ್ನು ಪಂಪಿನಿಂದ ಎತ್ತಲು ಯಂತ್ರ ಬೇಕು, ಡೀಸೆಲ್ ಬೇಕು, ಮಧ್ಯರಾತ್ರಿ ಎದ್ದು ಚಾಲೂ ಮಾಡುವವರೂ ಬೇಕು. ಉಳಿದಿರುವ ತಗ್ಗು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಮಣ್ಣು ತುಂಬದಂತೆ ಕಾಯಿರಿ ಎಂಬ ಮಾತು ನಮ್ಮ ಮನವಿಯಲ್ಲಿ ಇಲ್ಲವೇ ಇಲ್ಲ.

ಅತ್ತೆ: ಚಪ್ಪಡಿ ಮಾತ್ರ ಬೇಕೇ ಬೇಕು. ಮಕ್ಕಳು ಶಾಲೆಗೆ ಹೋಗುವ ದಾರಿ ಅದು. ನೀರು ತುಂಬಿದಾಗ ರಸ್ತೆ ಯಾವುದು, ಗಟಾರ ಯಾವುದು ಎಂದು ತಿಳಿಯುವುದಿಲ್ಲ.

ನಾನು: ಒಪ್ಪಿದೆ, ಅತ್ತೆ. ಎತ್ತಿ ತೆಗೆಯಬಹುದಾದ ಚಪ್ಪಡಿ ಎಂದು ಬರೆಯೋಣ. ಗಾರೆ ಹಾಕಿ ಕೂಡಿಸಿದರೆ ಹೂಳು ತೆಗೆಯಲು ಆಗುವುದಿಲ್ಲ.

ಅಣ್ಣ (ಅಮೆರಿಕದ ನಾರ್ಫೋಕ್): ನಾನಿರುವ ಊರೂ ಸಮುದ್ರದ ಮಟ್ಟದ್ದೇ, ಮಳೆಯಿಲ್ಲದ ದಿನವೂ ದೊಡ್ಡ ಭರತಕ್ಕೆ ಕೆಲವು ಬೀದಿಗಳಲ್ಲಿ ನೀರು ನಿಲ್ಲುತ್ತದೆ. ಇಲ್ಲಿ ಮಳೆನೀರಿಗೆಂದೇ ಬೇರೆ ಶುಲ್ಕವಿದೆ. ಮನೆಗಳಿಗೆ ಒಂದೇ ದರ. ಅಂಗಡಿ, ಕಚೇರಿಗಳಿಗೆ ನೀರು ಇಂಗದ ನೆಲ ಎಷ್ಟು ಚದರಡಿ ಇದೆಯೋ ಅದರ ಲೆಕ್ಕ. ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಎಂಬ ಊರು 1974ರಲ್ಲೇ ಇದನ್ನು ಆರಂಭಿಸಿತ್ತು. ಆ ಹಣವನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ.

ಅತ್ತೆ: ನಿಮ್ಮ ಊರಿನ ಸಂಬಳವೂ ಬೇರೆ, ತಮ್ಮಾ. ಹಂಚಿನ ಮನೆಯಲ್ಲಿ ಮೀನು ಮಾರಿ ಬದುಕುವವರ ಮೇಲೆ ಇನ್ನೊಂದು ಶುಲ್ಕ ಹೇರುವುದಕ್ಕೆ ನಾನು ಒಪ್ಪುವುದಿಲ್ಲ. ಗದ್ದೆಗೆ ಮಣ್ಣು ತುಂಬಿದವರು ಒಬ್ಬರು, ನೀರು ನುಗ್ಗಿಸಿಕೊಂಡವರು ಇನ್ನೊಬ್ಬರು. ಅರ್ಗಾ, ಚೆಂಡಿಯಾ ಕಡೆ ಪ್ರತಿ ಮಳೆಗಾಲಕ್ಕೂ ಸಾಮಾನು ಅಟ್ಟಕ್ಕೆ ಏರಿಸುವವರು ಅದನ್ನು ಕೇಳಿದರೆ ಏನೆಂದುಕೊಳ್ಳುತ್ತಾರೆ?

ನಾನು: ಅತ್ತೆಯ ಮಾತು ನ್ಯಾಯವಾದದ್ದು. ಶುಲ್ಕ ಬೇಕಾದರೆ ದೊಡ್ಡ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಸಿದವರಿಂದ ಆರಂಭವಾಗಲಿ. 1 ಗುಂಟೆ ಅಂಗಳಕ್ಕೆ ಕಾಂಕ್ರೀಟ್ ಹಾಸಿ, 100 ಮಿಲಿಮೀಟರ್ ಮಳೆ ಬಂದರೆ ಹತ್ತಿರ ಹತ್ತಿರ 10,000 ಲೀಟರ್ ನೀರು ನೇರವಾಗಿ ಗಟಾರಕ್ಕೆ ಇಳಿಯುತ್ತದೆ. ಆದರೆ ದೊಡ್ಡಪ್ಪ, ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಆಸ್ತಿ ತೆರಿಗೆಯ ಸಾಲು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂತಹ ಊರುಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯ, ಕಸ ಎಂದು ಮೊದಲೇ ಕಟ್ಟಿಹಾಕಿತ್ತು. ಗೋಡೆ ಕಟ್ಟಲು ಯಾವುದಾದರೂ ಯೋಜನೆಯಲ್ಲಿ ಹಣ ಬರಬಹುದು. ಪ್ರತಿ ಮೇ ತಿಂಗಳು ಹೂಳೆತ್ತಲು, ಬಾಯಿಯ ಮರಳು ಸರಿಸಲು, ಬಾಗಿಲಿನ ತುಕ್ಕು ತೆಗೆಯಲು ನಗರಸಭೆಗೆ ಉಳಿಯುವುದು ತನ್ನ ಸ್ವಂತ ವರಮಾನ, ಅಂದರೆ ಮುಖ್ಯವಾಗಿ ನಾವು ಕಟ್ಟುವ ತೆರಿಗೆ. ಅದನ್ನು ತಡೆದರೆ ಮೊದಲು ನಿಲ್ಲುವುದು ಅದೇ ಹೂಳೆತ್ತುವ ಕೆಲಸ, ಮೊದಲು ಮುಳುಗುವುದು ನಿಮ್ಮದೇ ಅಡುಗೆಮನೆ.

ದೊಡ್ಡಪ್ಪ: ತೆರಿಗೆಯ ಮಾತು ತೆಗೆದರೆ ನಮ್ಮ ಕಾಗದವನ್ನು ಯಾರು ಓದುತ್ತಾರೆ? ನಾನು ಎಷ್ಟು ವರ್ಷದಿಂದ ತಪ್ಪದೆ ಕಟ್ಟಿದ್ದೇನೆ, ಒಂದು ಸಲವಾದರೂ ಯಾರಾದರೂ ಬಂದು ನಮ್ಮ ಗಟಾರದ ಮಟ್ಟ ಅಳೆದಿದ್ದಾರೆಯೇ?

ನಾನು: ಅದನ್ನೇ ಬರೆಯೋಣ. ತೆರಿಗೆ ಕಟ್ಟಿದ ರಸೀದಿಯ ಪ್ರತಿಯನ್ನು ಪ್ರತಿಯೊಬ್ಬರೂ ಮನವಿಗೆ ಲಗತ್ತಿಸಿ, ನಾಲ್ಕು ವಿಷಯ ಕೇಳೋಣ: ಗುಡ್ಡದ ಬುಡದಿಂದ ಸಮುದ್ರದವರೆಗೆ ಮಟ್ಟ ಅಳೆದ ನಕ್ಷೆ, ನಾಲೆಯ ಬಾಯಿಯ ಕೆಲಸ ಮೊದಲು, ತಗ್ಗು ಜಾಗಗಳ ರಕ್ಷಣೆ, ಮತ್ತು ಮಳೆನೀರಿನ ನಿರ್ವಹಣೆಗೆ ನಗರಸಭೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ. ಕಟ್ಟಿದವರು ಲೆಕ್ಕ ಕೇಳಿದರೆ ಉತ್ತರಿಸದೆ ಇರುವುದು ಕಷ್ಟ.

ಕುಮಟಾ ಮಾವ: ಬಾಗಿಲು ನೋಡಿಕೊಳ್ಳುವವನ ಸಂಬಳವನ್ನೂ ಆ ಶೀರ್ಷಿಕೆಯಲ್ಲೇ ಸೇರಿಸಿ.

ದೊಡ್ಡಪ್ಪ: ನೀನು ಹೇಳಿದ್ದನ್ನೆಲ್ಲ ನಾನು ಒಪ್ಪಿದೆನೆಂದು ತಿಳಿಯಬೇಡ. ಅಮಾವಾಸ್ಯೆಯ ದಿನ ಭರತದ ಹೊತ್ತಿಗೆ ಕೋಣೆನಾಲೆಯ ಬಾಯಿಗೆ ಬಾ, ನಿನ್ನ ಮಟ್ಟ ಅಳೆಯುವ ಯಂತ್ರವನ್ನೂ ತಾ. ನೀರು ಯಾವ ಕಲ್ಲಿನವರೆಗೆ ಏರುತ್ತದೆ, ಅದೇ ಮಟ್ಟ ನಮ್ಮ ಮನೆಯ ಹೊಸ್ತಿಲಿನಿಂದ ಎಷ್ಟು ಕೆಳಗಿದೆ ಎಂಬುದನ್ನು ನನ್ನ ಕಣ್ಣಿನಿಂದ ನೋಡಬೇಕು. ಅಲ್ಲಿಯವರೆಗೆ ಮನವಿ ನನ್ನ ಬಳಿಯೇ ಇರಲಿ, ಯಾರೂ ಹೆಸರು ಕಳಿಸಬೇಡಿ.